ದೌಲತರಾಯರ ಪಾರ್ಶಿಯಲ್ ಫ್ರ್ಯಾಕ್ಷನ್

ದೌಲತರಾಯರು ಅಫಜಲಪುರದ ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಹೆಂಡತಿ ಸುಭದ್ರಾಬಾಯಿ ಆಳಂದದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮದುವೆಯಾಗಿ ಆರು ವರ್ಷವಾದರೂ ಜೊತೆಗೆ ಉಂಡದ್ದೆಲ್ಲ ಭಾನುವಾರದ ಊಟವೇ. ಉಳಿದ ದಿನ ರಾಯರು ಎದುರಿಗೆ ಅವಳದೊಂದು ತಾಟು ಇಟ್ಟು ಬಡಿಸುತ್ತಿದ್ದರು. ಅದನ್ನೂ ತಾವೇ ಉಣ್ಣುತ್ತಿದ್ದರು, ಅವಳ ಹಾಗೆ ನಿಧಾನವಾಗಿ.

ಎಂಬತ್ಮೂರನೇ ಇಸವಿಯಲ್ಲಿ ಆಳಂದದ ಕಾಲೇಜಿನಲ್ಲಿ ಜಾಗ ಖಾಲಿಯಾಯಿತು. ರಾಯರು ವರ್ಗಕ್ಕೆ ಅರ್ಜಿ ಹಾಕಿದರು. ತಪಾಸಣೆಗೆ ಬಂದ ಸಾಹೇಬರು, "ಪಾಠ ನೋಡಿ ಹೇಳ್ತೇನಿ" ಎಂದು ಹಿಂದಿನ ಬೆಂಚಿನಲ್ಲಿ ಕೂತರು.

ರಾಯರು ಬೋರ್ಡಿನ ಮೇಲೆ ಲೆಕ್ಕ ಬರೆದರು. ಮೇಲೆ ಒಂದು, ಕೆಳಗೆ ಎಕ್ಸ್ ಮೈನಸ್ ಒಂದು, ಎಕ್ಸ್ ಮೈನಸ್ ಎರಡು, ಒಂದಕ್ಕೊಂದು ಗುಣಿಸಿಕೊಂಡು ಅಂಟಿ ಕೂತಿದ್ದವು.

"ಈ ಜೋಡಿ ಹಿಂಗ ಕೂಡಿ ಕುಂತ್ರ ಇಂಟಿಗ್ರೇಶನ್ ಜಗ್ಗಂಗಿಲ್ಲ. ಬ್ಯಾರೆ ಮಾಡ್ರಿ. ಒಂದೊಂದಕ್ಕ ಒಂದೊಂದು ಭಿನ್ನರಾಶಿ, ಇದಕ್ಕ ಪಾರ್ಶಿಯಲ್ ಫ್ರ್ಯಾಕ್ಷನ್ ಅಂತಾರ. ಈಗ ನೋಡ್ರಿ, ಎರಡೂ ಸರಳ ಲಾಗ್ ಆಗ್ತಾವ."

ಅತನೂರಿಂದ ಬಂದ ಬಂಡಿಯ ಎತ್ತುಗಳು ಕಿಟಕಿಯಾಚೆ ಮೆಲುಕು ನಿಲ್ಲಿಸಿ ಕೇಳಿದವು. ಎಡಗಡೆಯ ಎತ್ತಿಗೆ ಮೈನಸ್ ಒಂದು ತಪ್ಪಿತಂತೆ, ಉಳಿದದ್ದೆಲ್ಲ ತಿಳಿಯಿತಂತೆ.

"ಸರ್ರ, ಬ್ಯಾರೆ ಆದವು ಮತ್ತ ಕೂಡಂಗಿಲ್ಲೇನ್ರಿ?" ಮುಂದಿನ ಸಾಲಿನ ಕುಲಸುಮಬಿ ಕೇಳಿದಳು.

ರಾಯರು ಎರಡು ಲಾಗಿನ ನಡುವೆ ಮೈನಸ್ ಗೀಟು ಎಳೆದರು.

"ಕೂಡ್ತಾವವ್ವ. ಒಂದು ಲಾಗಿನಾಗ ಇನ್ನೊಂದು ಲಾಗ್ ಕಳದ್ರ, ಎರಡೂ ಒಂದ ಲಾಗಿನೊಳಗ ಬಂದು ಕುಂದ್ರತಾವ. ಒಂದು ಮ್ಯಾಲ, ಒಂದು ಕೆಳಗ."

"ಅಷ್ಟು ಮಾಡದಿದ್ರೂ ಮಾರ್ಕ್ಸ್ ಬರ್ತಾವಲ್ರಿ?" ಎಂದರು ಸಾಹೇಬರು.

"ಬರ್ತಾವ್ರಿ ಸಾಹೇಬ್ರ. ಆದ್ರ ಹಂಗ ಬ್ಯಾರೆ ಬಿಟ್ಟು ಬರಾಕ ಮನಸ ಆಗಂಗಿಲ್ಲ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥಾ ಮಾಸ್ತರನ್ನ ಅಫಜಲಪುರದಿಂದ ಕಿತ್ರ ನನಗ ಪಾಪ ಹತ್ತತದ" ಎಂದವರೇ ಅರ್ಜಿಯ ಮೇಲೆ ಅಡ್ಡಗೀಟು ಎಳೆದರು.

ಭಾನುವಾರ ಆಳಂದದಲ್ಲಿ ಸುಭದ್ರಾಬಾಯಿ ಎಲ್ಲ ಕೇಳಿಸಿಕೊಂಡಳು.

"ಒಂದಿನ ಕೆಟ್ಟ ಪಾಠ ಮಾಡಿದ್ರ ಏನಾಗ್ತಿತ್ತ್ರಿ?"

"ನನಗ ಅದು ಬರಂಗಿಲ್ಲಲ್ಲ."

"ಹಂಗಾದ್ರ ನಾನ ಅಫಜಲಪುರಕ್ಕ ಅರ್ಜಿ ಹಾಕ್ತೇನಿ. ನನ್ನ ಪಾಠಕ್ಕ ಹೋದ ವರ್ಷ ತಪಾಸಣಿ ಸಾಹೇಬ್ರು ಹುಡುಗ್ರಕಿಂತ ಮೊದಲ ಮಕ್ಕೊಂಡಿದ್ರು. ನನ್ನ ಯಾರು ಹಿಡದು ಇಟ್ಕೋತಾರ?"

ಒಬ್ಬ ಟೀಚರ ಪಾಠ ಕೆಟ್ಟದೆಂದು ಕೇಳಿ ರಾಯರ ಹೊಟ್ಟೆ ತಣ್ಣಗಾದದ್ದು ಅದೇ ಮೊದಲು. ಆದರೂ ಸಂಜೆಯ ಬಸ್ಸು ಬಂತು. ಹತ್ತಿ ಕೂತವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು:

"ಇನ್ನೊಮ್ಮೆ ಹೇಳ ಸುಭದ್ರಾ, ಖರೇನ ಅಷ್ಟು ಕೆಟ್ಟ ಕಲಿಸ್ತಿ?"