ಮೋಲ್ಡ್ ಹಾಕುವ ದಿನ

ನಾನು ಹಿಂದಿನ ಗೋಡೆಗೆ ಒರಗಿ ನಿಂತದ್ದು ಕ್ಯಾಮೆರಾದ ಕಣ್ಣು ತಪ್ಪಿಸಲು. ಬೆಳಗಿನ ಜಾವದ ಮಳೆಗೆ ಗೋಡೆ ಇನ್ನೂ ತೇವವಾಗಿತ್ತು. ಈಚೆ ಬಂದು ನೋಡಿದರೆ ಕುರ್ತಾದ ತೋಳೆಲ್ಲ ಕೆಂಪು. ಅನುಮಾನವಾಗಿ ಇಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆದೆ. ಹಳೇ ಬೆಲ್ಲದ ಹಾಗೆ ಅಂಗೈಗೆ ಉದುರಿತು.

ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಅದು. ಅದನ್ನು ಸುಡುವುದಿಲ್ಲ, ವಾರಗಟ್ಟಲೆ ನೀರುಣಿಸಿ ಗಟ್ಟಿ ಮಾಡುವುದು. ಪದ್ಮನಾಭನಗರದ ಈ ಮನೆಗೆ ಪಾಯ ತೋಡಿದಾಗ ಬಂದ ಮಣ್ಣೇ ಗೋಡೆಯಾಗಿತ್ತು. ಗಿರಿಜಾದೇವಿ ಮೇಡಂ ಮೂವತ್ತು ವರ್ಷದಿಂದ ಕಟ್ಟಿಕೊಂಡು ಬಂದದ್ದು ಇಂಥ ಮನೆಗಳನ್ನೇ. ಒಂದು ಕಾಲಕ್ಕೆ ‘ಮಣ್ಣಮ್ಮ’ ಎಂದು ನಕ್ಕವರೇ ಈಗ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಅವರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ಲಿಖಿತ್ ಅಂದು ಕ್ಯಾಮೆರಾ ಹೊತ್ತು ಬಂದಿದ್ದ.

ಅಂದು ಮೋಲ್ಡ್ ಹಾಕುವ ದಿನ. ಮೇಲೆ ಕಂಬಿ ಕಟ್ಟಿ ಆಗಿತ್ತು, ಕೆಳಗೆ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ಮನೆ ಯಜಮಾನರಾದ ತಿಮ್ಮರಾಯಪ್ಪನವರು ಪೂಜೆ ಮುಗಿಸಿ, ಕೆಲಸದವರಿಗೆಲ್ಲ ಊಟಕ್ಕೆ ಹೇಳಿದ್ದರು. ಕಾಂಕ್ರೀಟ್ ಒಮ್ಮೆ ಮೇಲೇರಿದರೆ ಛಾವಣಿಯ ಭಾರ ಈ ಗೋಡೆಯ ಮೇಲೆ. ಅದರಡಿ ಮಲಗುವವರಲ್ಲಿ ಅವರ ಪುಟ್ಟ ಮೊಮ್ಮಗಳು ಸಿರಿಯೂ ಇದ್ದಳು.

ನಾನು ಮೇಡಂ ಆಫೀಸಿಗೆ ಸೇರಿ ವರ್ಷವೂ ಆಗಿರಲಿಲ್ಲ. ಮೀಟಿಂಗಿನಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಕ್ಯಾಮೆರಾದ ಮುಂದೆ ಮಾತಾಡುತ್ತಿದ್ದ ಅವರ ಹತ್ತಿರ ಹೋದೆ, ವಾಪಸ್ ಬಂದೆ. ಮತ್ತೆ ಹೋದೆ. ಅಷ್ಟರಲ್ಲಿ ಮೇಸ್ತ್ರಿ ಬಸವಂತ ಮೊದಲ ಬಾಂಡ್ಲಿ ಎತ್ತಿಸಲು ಕೈ ಬೀಸಿದ.

“ಮೇಡಂ, ಮಿಕ್ಸರ್ ನಿಲ್ಸಿ!”

ಎಲ್ಲರೂ ತಿರುಗಿದರು.

“ಓಹೋ, ಅರ್ಪಿತಕ್ಕಂಗೂ ಬಾಯಿದೆ!” ಬಸವಂತ ನಕ್ಕ. “ಏನಕ್ಕ, ರಾಹುಕಾಲ ಬಂತಾ?”

ನಾನು ಮುಷ್ಟಿ ಬಿಚ್ಚಿದೆ. ಮೇಡಂ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಮುಖದ ನಗೆ ಹೋಯಿತು.

“ಎಲ್ಲೀದು?”

“ಹಿಂದಿನ ಗೋಡೆ. ಎರಡನೇ ಬ್ಯಾಚ್.”

ಮೊದಲ ಬ್ಯಾಚನ್ನು ಲ್ಯಾಬಿಗೆ ಕಳಿಸಿದ್ದೆವು, ಪಾಸಾಗಿ ಬಂದಿತ್ತು. ಅದೇ ಮಣ್ಣು, ಅದೇ ಯಂತ್ರ ಎಂದು ಎರಡನೆಯದನ್ನು ಕಳಿಸಿರಲಿಲ್ಲ.

“ಒಂದು ಬಕೆಟ್ ನೀರು ತನ್ನಿ. ಮಿಕ್ಕಿರೋ ಇಟ್ಟಿಗೇಲಿ ಒಂದು ತನ್ನಿ.”

ಸರಿಯಾಗಿ ನೀರುಂಡ ಇಟ್ಟಿಗೆ ಬಕೆಟ್ಟಿನಲ್ಲಿ ದಿನಗಟ್ಟಲೆ ಕೂತರೂ ಕರಗದು. ಎಲ್ಲರೂ ಸುತ್ತ ನಿಂತೆವು. ಗುಳ್ಳೆಗಳು ಎದ್ದವು.

“ಮೇಡಂ, ಮಿಕ್ಸರಲ್ಲಿರೋ ಮಾಲು ಸೆಟ್ ಆಗೋಗತ್ತೆ, ಬೇಗ ಹೇಳಿ,” ಎಂದ ಬಸವಂತ. ನೀರು ಕೆಂಪಾಯಿತು. ಇಟ್ಟಿಗೆಯ ಒಂದು ಮೂಲೆ ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಜಾರಿ ತಳ ಸೇರಿತು.

“ಇದಕ್ಕೆ ನೀರು ಹಾಕ್ಸಿದ್ದು ಯಾರು?”

“ನಾನೇ ಕಣಮ್ಮ,” ಎಂದರು ತಿಮ್ಮರಾಯಪ್ಪನವರ ಹೆಂಡತಿ ಲಕ್ಷ್ಮಿದೇವಮ್ಮ, ಹೆಮ್ಮೆಯಿಂದ. “ಕೆಲಸದವ್ರು ಹೊತ್ತೊತ್ತಿಗೂ ಪೈಪ್ ಹಿಡೀತಿದ್ರು. ನಾನೇ ನಿಲ್ಲಿಸ್ದೆ. ಯಡಿಯೂರಲ್ಲಿ ಭಾಷಣ ಮಾಡ್ದಾಗ ನೀವೇ ಹೇಳಿದ್ರಲ್ಲ, ಒಂದು ತೊಟ್ಟು ನೀರೂ ದಂಡ ಮಾಡ್ಬೇಡಿ ಅಂತ? ಬೆಳಿಗ್ಗೆ ಒಂದು ಸಲ ಚಿಮುಕಿಸ್ತಿದ್ದೆ, ಅಷ್ಟೇ. ಎಷ್ಟು ಉಳಿಸಿದೀನಿ ಗೊತ್ತಾ!”

ಯಾರೂ ನಗಲಿಲ್ಲ.

“ಇದು ದಂಡದ ನೀರಲ್ಲ ಅಂತ ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ,” ಎಂದರು ಮೇಡಂ. “ಟೆಸ್ಟೂ ಮಾಡಿಸ್ಲಿಲ್ಲ. ತಿಮ್ಮರಾಯಪ್ಪನವರೇ, ಗೋಡೆ ಕೆಡವ್ಬೇಕು. ಖರ್ಚು ನಂದು.”

“ಕೆಡವೋದಾ? ಶ್ರಾವಣಕ್ಕೆ ಗೃಹಪ್ರವೇಶ ಅಂತ ನೆಂಟ್ರಿಗೆಲ್ಲ ಹೇಳ್ಕೊಂಡು ಬಂದಿದೀನಿ! ಮೇಲೊಂದು ಕೋಟು ಸಿಮೆಂಟ್ ಬಳೀರಿ, ಯಾರಿಗ್ ಗೊತ್ತಾಗತ್ತೆ? ಮಣ್ಣಿನ ಮನೆ ಬೇಡ ಕಣಣ್ಣ ಅಂತ ನನ್ ತಮ್ಮ ಬಡ್ಕೊಂಡ. ಕೇಳ್ದೆ ಹೋದೆ.”

“ಮೇಡಂ, ಆಫ್ ಮಾಡ್ಲಾ?” ಲಿಖಿತ್ ಮೆಲ್ಲಗೆ ಕೇಳಿದ. ಕ್ಯಾಮೆರಾ ಇನ್ನೂ ಓಡುತ್ತಿತ್ತು.

ಮೇಡಂ ಬಕೆಟ್ಟನ್ನು ನೋಡಿದರು. ಮಣ್ಣಿನ ಗೋಡೆ ನಿಲ್ಲುವುದಿಲ್ಲ ಎಂದು ಮೊದಲಿಂದ ಹೇಳುತ್ತ ಬಂದವರಿಗೆ ಈ ಒಂದು ದೃಶ್ಯ ಸಾಕಿತ್ತು.

“ಬೇಡ. ಹತ್ತಿರ ಬಾ,” ಎಂದು ನೀರಿಗೆ ಕೈ ಹಾಕಿದರು. ಮೇಲೆ ಬಂದದ್ದು ಒಂದು ಹಿಡಿ ಕೆಸರು. “ಇದು ನನ್ನ ಆಫೀಸು ಪಾಸ್ ಮಾಡಿದ ಇಟ್ಟಿಗೆ. ಹೀಗಾಗಿದೆ. ಬಸವಂತ, ಮಿಕ್ಸರ್ ಖಾಲಿ ಮಾಡಿ.”

“ಮಾಲು ಎಲ್ಲಿಗೆ ಸುರೀಲಿ ಮೇಡಂ?”

“ರೋಡಲ್ಲಿ ಗುಂಡಿಗೇನು ಬರವಾ?”

ತಿಮ್ಮರಾಯಪ್ಪನವರು ಬೆನ್ನು ತಿರುಗಿಸಿ ಗೇಟಿನ ಬಳಿ ಹೋಗಿ ನಿಂತರು. ಲಕ್ಷ್ಮಿದೇವಮ್ಮ ಸೆರಗು ಬಾಯಿಗೊತ್ತಿಕೊಂಡು ಇಟ್ಟಿಗೆಯ ರಾಶಿಯ ಮೇಲೆ ಕುಸಿದರು. ಮೇಡಂ ಆಕೆಯ ಭುಜ ಮುಟ್ಟಿ, ನನ್ನತ್ತ ತಿರುಗಿದರು.

“ಎರಡನೇ ಬ್ಯಾಚ್ ಎಲ್ಲೆಲ್ಲಿ ಕೂತಿದೆ, ತೋರ್ಸು.”

ಸೀಮೆಸುಣ್ಣ ತೆಗೆದುಕೊಂಡು ಹೊರಟೆ. ಕೆರೆದು ನೋಡುತ್ತ, ಉದುರಿದ ಕಡೆಯೆಲ್ಲ ಗುರುತು ಹಾಕುತ್ತ ಹೋದೆ. ಹಿಂದಿನ ಗೋಡೆ ಮುಗಿಯಿತು. ಅಡುಗೆಮನೆಯ ಮೂಲೆಯಲ್ಲಿ ಕೈ ನಿಂತಿತು. ಅಲ್ಲೂ ಪುಡಿ.

“ಇದೂ ಹೋಗ್ಬೇಕು ಮೇಡಂ,” ಎಂದೆ.

ಗೇಟಿನ ಬಳಿಯಿಂದ ತಿಮ್ಮರಾಯಪ್ಪನವರು ತಿರುಗಿ ನನ್ನನ್ನೇ ನೋಡಿದರು. ನಾನು ಗುರುತು ಹಾಕಿದೆ.