ಗುರುಪಾದಪ್ಪನ ಹಸಿರು ಕೋಟು

ನಾನೊಂದು ಮಖಮಲ್ ಕೋಟು. ನಾಟಕ ಕಂಪನಿಯ ಹರಿದ ಪರದೆಯಲ್ಲಿ ಉಳಿದಿದ್ದ ಗಟ್ಟಿ ಭಾಗ ಕತ್ತರಿಸಿ ಗದಗಿನ ದರ್ಜಿಯೊಬ್ಬ ನನ್ನನ್ನು ಹೊಲಿದ. ಹುಟ್ಟಿದ್ದೇ ಹಳೆಯ ಬಟ್ಟೆಯಲ್ಲಿ. ಆದರೂ ಹಿತ್ತಾಳೆಯ ಗುಂಡಿ ಹಚ್ಚಿದ ಮೇಲೆ ನನ್ನ ಜಂಭ ಹೇಳತೀರದು.

ಕಂಪನಿಯ ಕವಿಗಳು ಫ್ರಾನ್ಸ್ ದೇಶದ ಹಳೆಯ ಪ್ರಹಸನವೊಂದನ್ನು ಕನ್ನಡಕ್ಕೆ ತಂದಿದ್ದರು. ಎಣ್ಣೆ ವ್ಯಾಪಾರಿಯೊಬ್ಬ ದೊಡ್ಡ ಮನೆತನದ ಹೆಣ್ಣು ತರುವ ಹುಚ್ಚಿಗೆ ಬಿದ್ದು, ಕೋಟು ತೊಟ್ಟು, ಹೆತ್ತ ಅಪ್ಪನನ್ನೇ ‘ಇಂವ ನಮ್ಮ ಮನಿ ಆಳರೀ’ ಎಂದು ಬೀಗರಿಗೆ ತೋರಿಸುವ ಕಥೆ. ಆ ಪಾತ್ರ ಗುರುಪಾದಪ್ಪನದು, ಕೋಟು ನಾನು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹದಿನೆಂಟು ವರ್ಷ ಅವನ ಬೆವರು ಕುಡಿದೆ. ತೊಡುವ ಮೊದಲು ನನ್ನನ್ನು ಕಣ್ಣಿಗೊತ್ತಿಕೊಂಡು, ‘ನಮಗ ಅನ್ನ ಹಾಕಾಕಿ ನೀನ’ ಎನ್ನುತ್ತಿದ್ದ. ನಾನೂ ಪೆದ್ದು, ನಂಬಿದೆ.

ಕಂಪನಿ ಮುಚ್ಚಿದಾಗ ನಟರೆಲ್ಲ ಒಂದೊಂದು ಸಾಮಾನು ಹೊತ್ತೊಯ್ದರು. ಗುರುಪಾದಪ್ಪ ಕಿರೀಟ, ಕತ್ತಿ ಬಿಟ್ಟು ನನ್ನನ್ನೇ ಆರಿಸಿಕೊಂಡ. ಹುಬ್ಬಳ್ಳಿಯ ಅರಿವೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ನಾನು ಟ್ರಂಕು ಸೇರಿದೆ.

ಮಗಳು ಶಶಿಕಲಾಗೆ ನವಲಗುಂದದ ಕಡೆಯ ಗೌಡರ ಮನೆಯಿಂದ ಸಂಬಂಧ ಬಂತು. ‘ನಾಟಕದವರ ಮಗಳಂತ ಗೊತ್ತಾದ್ರ ಗೌಡ್ರು ಹೊಸ್ತಲಾ ತುಳಿಯಂಗಿಲ್ಲ’ ಎಂದು ಮಧ್ಯಸ್ಥಗಾರ ಹೆದರಿಸಿದ್ದ. ಗುರುಪಾದಪ್ಪ ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದ. ನನ್ನನ್ನು ಮಾತ್ರ ಮರೆತ. ವರ್ಷಕ್ಕೊಮ್ಮೆ ಬಿಸಿಲು ತೋರಿಸುವ ರೂಢಿಯಂತೆ ಶಶಿಕಲಾ ಅವರು ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆಯೇ ನನ್ನನ್ನು ಅಂಗಳದ ತಂತಿಗೆ ಹಾಕಿದ್ದಳು.

ಗಂಡಿನ ತಂದೆ ರುದ್ರಗೌಡರು ಬಂದವರೇ ನನ್ನ ಮುಂದೆ ನಿಂತುಬಿಟ್ಟರು.

‘ಯಾರದರೀ ಈ ಕೋಟು?’

‘ಹಿಂದಿನ ಬಾಡಿಗಿದಾರರು ಬಿಟ್ಟು ಹೋಗ್ಯಾರರೀ. ನಮ್ಮದಲ್ಲ’ ಎಂದ ಗುರುಪಾದಪ್ಪ.

ನನ್ನ ಎದೆ ಒಡೆಯಿತು. ಗೌಡರು ನನ್ನ ತೋಳು ಸವರಿದರು.

‘ಹರೇದಾಗ ಈ ಕೋಟಿನ ನಾಟಕಾ ಏಳು ಸರತಿ ನೋಡೇನ್ರಿ. ಎಂಥಾ ನಟ ಅಂವಾ! ಸಿಕ್ಕರ ಕಾಲ ಮುಟ್ಟಿ ನಮಸ್ಕಾರ ಮಾಡ್ತಿದ್ದೆ. ಈಗ ಎಲ್ಲಿ ಅದಾನೊ?’

ಹೇಳು, ಹೇಳಿಬಿಡು ಎಂದು ನಾನು ತಂತಿಯ ಮೇಲೆ ಒದ್ದಾಡಿದೆ. ಬಣ್ಣವಿಲ್ಲದ ಅವನ ಮುಖ ಗೌಡರಿಗೆ ಎಲ್ಲಿಂದ ಗುರುತಾಗಬೇಕು? ಕಂಪನಿಯ ಕರಪತ್ರದಲ್ಲೂ ನಟರ ಹೆಸರು ಇರುತ್ತಿರಲಿಲ್ಲ, ಪಾತ್ರದ್ದಷ್ಟೇ. ಹೇಳಿದರೆ ಮೊದಲ ಸುಳ್ಳು ಬಯಲಾಗಿ ಮಗಳ ಮದುವೆ ಮುರಿದೀತೆಂದು ಅವನು ಅಂಜಿದ.

‘ತೀರಿಕೊಂಡಾನಂತರೀ’ ಎಂದ.

ಬಾಗಿಲಲ್ಲಿದ್ದ ಶಶಿಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗೌಡರು ನನ್ನನ್ನು ಕೇಳಿ ಪಡೆದು ಒಯ್ದರು. ಮದುವೆಯೂ ಆಯಿತು. ಈಗ ಅವರ ಪಡಸಾಲೆಯ ಗಾಜಿನ ಕಪಾಟು ನನ್ನ ಮನೆ. ಬಣ್ಣ ಮಾಸಿದೆ, ಕಂಕುಳ ಹೊಲಿಗೆ ಬಿಚ್ಚಿದೆ. ಮಗಳಿಗಾಗಿ ಹಾಗೆ ಮಾಡಿದ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತೇನೆ, ಮನಸ್ಸು ಕೇಳುವುದಿಲ್ಲ.

ಮೊನ್ನೆ ಗುರುಪಾದಪ್ಪ ಮಗಳನ್ನು ನೋಡಲು ಬಂದಿದ್ದ. ಗೌಡರು ಗಂಧದ ಹಾರ ತಂದು ಅವನ ಕೈಗಿತ್ತರು.

‘ಬೀಗರ, ಸತ್ತ ಆ ಪುಣ್ಯಾತ್ಮನ ಹೆಸರಿಲೆ ನೀವ ಹಾಕ್ರಿ.’

ಶಶಿಕಲಾ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು. ಅವನು ಕಪಾಟು ತೆರೆದು, ನನ್ನ ಕೊರಳಿಗೆ ಹಾರ ಹಾಕಿ, ಕಣ್ಣು ಮುಚ್ಚಿ ಕೈಮುಗಿದ. ಬೆರಳು ಒಂದಿಷ್ಟೂ ನಡುಗಲಿಲ್ಲ. ಹದಿನೆಂಟು ವರ್ಷ ಅವನ ಮೈಮೇಲಿದ್ದವಳು ನಾನು. ಅವನು ಅಷ್ಟು ಚೆನ್ನಾಗಿ ನಟಿಸಿದ್ದನ್ನು ನೋಡಿದ್ದು ಅದೇ ಮೊದಲು.