ಕ್ರೆಬಿಲ್ ಮೇಷ್ಟ್ರ ಬೀನ್ಸ್ ಪಾತ್ರೆ

ಎಲ್ವುಡ್ ಕ್ರೆಬಿಲ್ ಮೇಷ್ಟ್ರು ಎಲ್ಲಿ ಕೂತರೂ ಅವರ ಪಾದಗಳು ಸುಮ್ಮನಿರುತ್ತಿರಲಿಲ್ಲ. ಭಾನುವಾರ ಚರ್ಚಿನ ಆರ್ಗನ್ ವಾದ್ಯದ ಕೆಳಗಿನ ಮರದ ಪಟ್ಟಿಗಳನ್ನು ತುಳಿದು ರೂಢಿಯಾದ ಆ ಕಾಲುಗಳು ಸೋಮವಾರ ಪ್ರೌಢಶಾಲೆಯ ಜೀವಶಾಸ್ತ್ರದ ತರಗತಿಯಲ್ಲೂ ಮೇಜಿನಡಿ ಯಾವುದೋ ಸ್ತೋತ್ರವನ್ನು ಸದ್ದಿಲ್ಲದೆ ನುಡಿಸುತ್ತಿದ್ದವು. ಮೇಜಿನ ಮೇಲೆ ಅದೇ ಹೊತ್ತಿಗೆ ತಿಮಿಂಗಿಲದ ಪೂರ್ವಜರು ನಾಲ್ಕು ಕಾಲಿನಲ್ಲಿ ನಡೆದ ವೃತ್ತಾಂತ ಸಾಗಿರುತ್ತಿತ್ತು. ಪೆನ್ಸಿಲ್ವೇನಿಯಾದ ನಮ್ಮ ಪುಟ್ಟ ಊರಿಗೆ ಇದರಲ್ಲಿ ವಿಚಿತ್ರವೇನೂ ಬಹುಕಾಲ ಕಂಡಿರಲಿಲ್ಲ.

ಮೊಣಕೈ ಸವೆದ ಕಂದು ಕೋಟು, ಅದರ ಜೇಬಿನಲ್ಲಿ ಪೆಪ್ಪರಮೆಂಟಿಗೆ ಅಂಟಿಕೊಂಡ ಒಂದು ಪಳೆಯುಳಿಕೆಯ ಚಿಪ್ಪು, ಏನು ಕೇಳಿದರೂ ಮೊದಲು "ನೋಡೋಣ" ಎಂಬ ಮಾತು: ಇಷ್ಟಾದರೆ ಅವರ ಚಿತ್ರ ಮುಕ್ಕಾಲು ಮುಗಿಯಿತು.

ಉಳಿದ ಕಾಲು ಭಾಗವನ್ನು ಬರೆದದ್ದು ಶಾಲಾ ಮಂಡಳಿ. ಅದರ ಅಧ್ಯಕ್ಷೆ ಲೊರೆಟ್ಟಾ ಹೆಫ್ನರ್, ಟೈರ್ ಅಂಗಡಿಯ ಒಡತಿ, ಮೇಷ್ಟ್ರ ಹಳೆಯ ಶಿಷ್ಯೆ, ಚರ್ಚಿನಲ್ಲಿ ಅವರ ಆರ್ಗನ್ನಿಗೆ ದನಿಗೂಡಿಸುವವಳು. ವಿಕಾಸವಾದವು ಬರಿಯ ಊಹೆ, ಜೀವಸಂಕುಲದ ಹಿಂದೆ ಬುದ್ಧಿವಂತನಾದ ವಿನ್ಯಾಸಕಾರನೊಬ್ಬ ಇರಬಹುದು ಎಂಬ ಹೇಳಿಕೆಯನ್ನು ಪಾಠಕ್ಕೆ ಮೊದಲು ಓದತಕ್ಕದ್ದು, ಅದರ ಬಗ್ಗೆ ಮಕ್ಕಳ ಪ್ರಶ್ನೆಗೆ ಉತ್ತರಿಸಕೂಡದು ಎಂದು ಮಂಡಳಿ ನಿರ್ಣಯಿಸಿತು. ಸಾರ್ವಜನಿಕ ಸಭೆಯಲ್ಲಿ ಮಾತಾಡುವವರಿಗೆ ಮೂರೇ ನಿಮಿಷ. ಅಳೆಯಲು, ಹೊತ್ತು ಮುಗಿದೊಡನೆ ಗಂಟೆ ಹೊಡೆಯುವ ಅಡುಗೆಮನೆಯ ಗಡಿಯಾರ. ಮೇಷ್ಟ್ರು ಮೈಕಿನ ಮುಂದೆ ನಿಂತು "ನೋಡೋಣ" ಎಂದು ಅಧ್ಯಕ್ಷೆಯತ್ತ ತಿರುಗಿದರು.

"ನಾನು ಓದಲ್ಲ ಲೊರೆಟ್ಟಾ. ಅದು ವಿಜ್ಞಾನ ಅಲ್ಲ."

"ಏನ್ ಮೇಷ್ಟ್ರೇ, ದೇವರ ಮೇಲೆ ನಂಬಿಕೆನೇ ಹೊರಟೋಯ್ತಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ವಾರವಾರ ನೀನು ಅಪಸ್ವರ ಹಾಡಿದ್ದನ್ನ ಆರ್ಗನ್ ನುಡಿಸಿ ಮುಚ್ಚಿಹಾಕ್ತಿರೋದು ಯಾರಪ್ಪಾ?" ಎಂದರು ಮೇಷ್ಟ್ರು.

ಜನ ನಕ್ಕರು, ಗಂಟೆ ಹೊಡೆಯಿತು, ನಿರ್ಣಯ ಹಾಗೆಯೇ ಉಳಿಯಿತು. ನಗರದಿಂದ ಬಂದ ಪತ್ರಕರ್ತೆಗೆ ಮೇಷ್ಟ್ರಲ್ಲಿ ಧರ್ಮದ ವಿರುದ್ಧ ಸೆಣಸುವ ಒಬ್ಬ ವೀರ ಬೇಕಾಗಿತ್ತು. "ನೀವೂ ಚರ್ಚಿಗೆ ಹೋಗ್ತೀರಾ ಸಾರ್?" ಎಂದು ಕೇಳುವಾಗಲೇ ಅವಳ ಮುಖ ಇಳಿದುಹೋಗಿತ್ತು.

ನಮ್ಮೂರಿನಲ್ಲಿ ಬಹಿಷ್ಕಾರ ಹಾಕುವವರು ಕೂಗಾಡುವುದಿಲ್ಲ. ತಿಂಗಳಿಗೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುತ್ತೇವೆ. ತೀರಿಕೊಂಡ ಹೆಂಡತಿಯ ಕೈಹದವನ್ನೇ ಹಿಡಿದು, ಕಾಕಂಬಿ ಹಾಕಿ ಬೇಯಿಸಿದ ಬೀನ್ಸ್ ಕಾಳನ್ನು ಮೇಷ್ಟ್ರು ಎಂದಿನಂತೆ ತಂದಿಟ್ಟರು. ಎಲ್ಲರೂ ಅವರ ಆರೋಗ್ಯ ವಿಚಾರಿಸಿದರು. ಆ ಪಾತ್ರೆಗೆ ಮಾತ್ರ ಒಬ್ಬರೂ ಸೌಟು ಹಾಕಲಿಲ್ಲ. ಮೇಷ್ಟ್ರು ತಾವೇ ಒಂದಿಷ್ಟು ಬಡಿಸಿಕೊಂಡು ಉಂಡು, ಮುಚ್ಚಳ ಮುಚ್ಚಿದರು. ಕಾರಿನವರೆಗೆ ಜೊತೆಗೆ ಹೋದ ನನಗೆ, "ಸುಸ್ತಾಯ್ತು ಕಣಯ್ಯಾ" ಎಂದಷ್ಟೇ ಹೇಳಿದರು. ಅಂದು ನನಗೆ ನಮ್ಮೂರಿನ ಮೇಲೆ ಹೇಸಿಕೆಯಾಯಿತು.

ಮೇಷ್ಟ್ರು ಓದದ ಹೇಳಿಕೆಯನ್ನು ಓದಲು ಲೊರೆಟ್ಟಾ ತಾನೇ ತರಗತಿಗೆ ಬಂದಳು. ಮೇಷ್ಟ್ರು ಹೊರಗೆ ಪಡಸಾಲೆಯಲ್ಲಿ ನಿಂತರು. ಓದು ಮುಗಿದೊಡನೆ ಹುಡುಗಿಯೊಬ್ಬಳು ಕೈಯೆತ್ತಿ, "ಆ ವಿನ್ಯಾಸಕಾರನ್ನ ಮಾಡಿದ್ದು ಯಾರು ಮೇಡಂ?" ಎಂದಳು. ಲೊರೆಟ್ಟಾ ಉತ್ತರಕ್ಕಾಗಿ ಬಾಗಿಲಿನತ್ತ ತಿರುಗಿದಳು; ಅದೇ ಕೋಣೆಯಲ್ಲಿ ತಾನು ವಿದ್ಯಾರ್ಥಿನಿಯಾಗಿದ್ದಾಗ ತಡವರಿಸಿದರೆ ಮೇಷ್ಟ್ರ ಕಡೆ ನೋಡುತ್ತಿದ್ದ ಹಳೆಯ ಚಾಳಿ. ಆಮೇಲೆ ತಲೆ ತಗ್ಗಿಸಿ ಹೊರಬಂದಳು.

"ಉತ್ತರ ಕೊಡಬಾರ್ದು ಅಂತ ನಾವೇ ಬರ್ಕೊಂಡಿದೀವಿ ಮೇಷ್ಟ್ರೇ."

"ಪ್ರಶ್ನೆ ಚೆನ್ನಾಗಿತ್ತಲ್ವಾ?"

"ಚೆನ್ನಾಗಿತ್ತು."

"ನೋಡೋಣ," ಎಂದು ಅವರು ಒಳಗೆ ಹೋಗಿ ತಿಮಿಂಗಿಲದ ಕಾಲುಗಳಿಂದ ಪಾಠ ಆರಂಭಿಸಿದರು.

ನಿರ್ಣಯ ಇನ್ನೂ ಹಾಗೆಯೇ ಇದೆ. ಮುಂದಿನ ತಿಂಗಳ ಊಟದಲ್ಲಿ ಲೊರೆಟ್ಟಾ ಯಾರ ಮುಖವನ್ನೂ ನೋಡದೆ ಆ ಪಾತ್ರೆಯಿಂದ ಒಂದು ಸೌಟು ಬಡಿಸಿಕೊಂಡಳು. ಉಳಿದದ್ದು ಮನೆಗೆ ಮರಳಿತು.

ಇಂಥವರನ್ನು ಗೆದ್ದವರೆನ್ನಲು ನನಗೆ ಬಾಯಿ ಬರುವುದಿಲ್ಲ. ಚರ್ಚು, ತರಗತಿ ಎಂಬ ಎರಡು ಮನೆಗಳನ್ನು ಸಮನಾಗಿ ಪ್ರೀತಿಸಿ, ಎರಡರಲ್ಲೂ ಸಂಶಯಕ್ಕೆ ಗುರಿಯಾಗಿ, ಯಾವುದನ್ನೂ ಬಿಟ್ಟು ಹೋಗದ ಜನ ಇವರು. ವಾದದಲ್ಲಿ ಇವರ ದನಿ ಕೇಳಿಸುವುದಿಲ್ಲ. ತುಂಬಿಯೇ ಮರಳಿದ ಪಾತ್ರೆಯನ್ನು ಬರಿದುಮಾಡಿ, ತೊಳೆದು, ಮುಂದಿನ ತಿಂಗಳಿಗೆ ಮತ್ತೆ ಕಾಳು ನೆನೆಹಾಕುತ್ತಾರೆ.